ಹೆಪಟೈಟಿಸ್ ಸಿ: ಉಪಕೇಂದ್ರದ ಸಿಸ್ಟರುಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ವರ್ಷಾನುಗಟ್ಟಲೆ ಲಸಿಕೆ ಡಬ್ಬಿ ಹೊತ್ತು ತಿರುಗಿದವಳು ನಾನು. ಈಗ ಹೊಸದಾಗಿ ಕೆಲಸಕ್ಕೆ ಸೇರಿದ ಸಿಸ್ಟರುಗಳಿಗೆ ಪಾಠ ಹೇಳುತ್ತೇನೆ. ತರಬೇತಿಯ ಹಾಲ್‌ನಲ್ಲಿ "ಏನಾರ ಡೌಟ್ ಅದಾವೇನ್ರಿ?" ಅಂದರೆ ಎಲ್ಲರೂ ತಲೆ ಬಗ್ಗಿಸಿ ನೋಟ್‌ಬುಕ್ ನೋಡುತ್ತಾರೆ. ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚಿದ ಮೇಲೆ ಒಬ್ಬೊಬ್ಬರಾಗಿ ಪಕ್ಕಕ್ಕೆ ಬಂದು ಕೇಳುತ್ತಾರೆ. ಹಾಗೆ ಬಂದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

ಅಕ್ಕಾರ, ಕಾಮಣಿ ಅಂದ್ರೂ ಹೆಪಟೈಟಿಸ್ ಸಿ ಅಂದ್ರೂ ಒಂದ ಅಲ್ಲೇನ್ರಿ?

ಅಲ್ಲ. ಕಾಮಣಿ ಒಂದು ಲಕ್ಷಣ: ಕಣ್ಣು ಹಳದಿ, ಮೂತ್ರ ಹಳದಿ. ಲಿವರಿಗೆ ಏನೋ ಆಗಿದೆ ಎಂದಷ್ಟೇ ಅದರಿಂದ ತಿಳಿಯುತ್ತದೆ, ಏನಾಗಿದೆ ಎಂದು ತಿಳಿಯುವುದಿಲ್ಲ. ಮಳೆಗಾಲದಲ್ಲಿ ನಲ್ಲಿ ಪೈಪಿಗೆ ಗಟಾರದ ನೀರು ಸೇರಿ ಒಂದೇ ಓಣಿಯಲ್ಲಿ ಹತ್ತು ಜನ ಮಲಗಿದರೆ ಅದು ಹೆಚ್ಚಾಗಿ ಹೆಪಟೈಟಿಸ್ ಎ ಅಥವಾ ಇ. ಇವು ನೀರು, ಆಹಾರದಿಂದ ಬರುವಂಥವು, ಬಹುತೇಕ ಮಂದಿಯಲ್ಲಿ ತಾವಾಗಿಯೇ ವಾಸಿಯಾಗುತ್ತವೆ. (ಬಸುರಿಗೆ ಇ ಬಂದರೆ ಮಾತ್ರ ಜೀವಕ್ಕೇ ಅಪಾಯ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸಿ.) ಬಿ ಮತ್ತು ಸಿ ರಕ್ತದ ದಾರಿ ಹಿಡಿದು ಬರುತ್ತವೆ.

ನಮ್ಮ ಕಡೆ ಕಾಮಣಿಗೆ ಎಲೆ ಔಷಧ ಕೊಡುವವರಿಗೆ ಅಷ್ಟು ಹೆಸರಿರುವುದು ಯಾಕೆ ಅಂದುಕೊಂಡಿರಿ? ಎ ಬಂದವರು ಎಲೆ ತಿಂದರೂ ಎದ್ದು ಕೂರುತ್ತಾರೆ, ತಿನ್ನದಿದ್ದರೂ ಎದ್ದು ಕೂರುತ್ತಾರೆ. ಹೆಸರು ಎಲೆಗೆ ಹೋಗುತ್ತದೆ. ಸಿ ಹಾಗಲ್ಲ. ಹೊಸದಾಗಿ ಸೋಂಕು ತಗುಲಿದ ಹತ್ತು ಮಂದಿಯಲ್ಲಿ ಎಂಟು ಮಂದಿಗೆ ಏನೂ ಗೊತ್ತೇ ಆಗುವುದಿಲ್ಲ. ಸುಮಾರು ಮೂರು ಮಂದಿಯ ಮೈ ಆರು ತಿಂಗಳೊಳಗೆ ತಾನೇ ವೈರಸ್ಸನ್ನು ಹೊರಹಾಕುತ್ತದೆ. ಉಳಿದ ಏಳು ಮಂದಿಯಲ್ಲಿ ಅದು ಲಿವರ್‌ನಲ್ಲೇ ಠಿಕಾಣಿ ಹೂಡುತ್ತದೆ. ಹಾಗೆ ಉಳಿದವರಲ್ಲಿ ನೂರಕ್ಕೆ 15ರಿಂದ 30 ಮಂದಿಗೆ 20 ವರ್ಷದೊಳಗೆ ಲಿವರ್ ಗಂಟುಗಟ್ಟಿ ಸಿರೋಸಿಸ್ ಆಗುವ ಸಂಭವ ಇದೆ. ಅವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್. ಕಣ್ಣು ಹಳದಿ ಆಗಲಿ, ಆಮೇಲೆ ನೋಡೋಣ ಅಂತ ಕಾಯುವ ರೋಗ ಇದಲ್ಲ.

ನಾ ಹೆಪಟೈಟಿಸ್ ಲಸಿಕೆ ಮೂರೂ ಡೋಸ್ ತಗೊಂಡೀನ್ರಿ. ಸಿ ಗೂ ಅದ ನಡೀತೈತಲ್ಲ?

ನಡೆಯುವುದಿಲ್ಲ. ಹದಿನೈದು ವರ್ಷ ಸರ್ವಿಸ್ ಆದವರೂ ಇದೇ ನಂಬಿಕೆಯಲ್ಲಿರುತ್ತಾರೆ. ಅವರನ್ನೂ ಪೂರ್ತಿ ದೂರುವಂತಿಲ್ಲ. "ಹೆಪಟೈಟಿಸ್ ಲಸಿಕೆ" ಎಂದೇ ನಾವೆಲ್ಲ ಕರೆಯುತ್ತ ಬಂದದ್ದು, ಯಾವ ಹೆಪಟೈಟಿಸ್ ಎಂದು ಬಿಡಿಸಿ ಹೇಳಿದವರು ಕಡಿಮೆ. 0, 1, 6 ತಿಂಗಳಿಗೆ ನೀವು ತೆಗೆದುಕೊಂಡದ್ದು, ಕೂಸು ಹುಟ್ಟಿದ 24 ಗಂಟೆಯೊಳಗೆ ಹಾಕುವುದು, ಆಮೇಲೆ ಪೆಂಟಾವೇಲೆಂಟ್ (ಐದು ರೋಗಕ್ಕೆ ಒಂದೇ ಲಸಿಕೆ) ಒಳಗೆ ಬರುವುದು ಎಲ್ಲವೂ ಬಿ ಗೆ. ಮೂರನೇ ಡೋಸ್ ಆದ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯ (ರೋಗದ ವಿರುದ್ಧ ಮೈ ತಯಾರಿಸುವ ರಕ್ಷಕ) ಬಂದಿದೆಯೋ ಇಲ್ಲವೋ ಎಂದು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ನಮ್ಮವರಲ್ಲಿ ಇದನ್ನು ಮಾಡಿಸುವವರೇ ಅಪರೂಪ.

ಸಿ ಗೆ ಲಸಿಕೆ ಇನ್ನೂ ಬಂದಿಲ್ಲ. ಆ ವೈರಸ್ ಒಬ್ಬ ಮನುಷ್ಯನ ಮೈಯೊಳಗೇ ದಿನದಿನಕ್ಕೆ ವೇಷ ಬದಲಿಸುತ್ತದೆ, ಅದರಲ್ಲಿ ಎಂಟು ಬಗೆಗಳಿವೆ. ನಮ್ಮ ದೇಶದಲ್ಲಿ ಹೆಚ್ಚು ಸಿಗುವುದು ಮೂರನೇ ಬಗೆ. ವೈರಸ್ ಪತ್ತೆಯಾದದ್ದೇ 1989ರಲ್ಲಿ. ಅಲ್ಲಿಯವರೆಗೆ ಪುಸ್ತಕದಲ್ಲಿ ಇದರ ಹೆಸರು "ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್" ಎಂದಿತ್ತು, ಹೆಸರಿಡದ ಕೂಸಿನ ಹಾಗೆ. ಪತ್ತೆಹಚ್ಚಿದ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಮೂವರಿಗೆ 2020ರಲ್ಲಿ ನೊಬೆಲ್ ಬಂತು.

ಪಾಸಿಟಿವ್ ಇದ್ದವ್ರಿಗೆ ಎರಡು ಜೋಡಿ ಗ್ಲೌಸ್ ಹಾಕ್ಕೊಂತೀನ್ರಿ. ತಪ್ಪಾ?

ನಾನು ತಿರುಗಿ ಕೇಳುವುದು ಇಷ್ಟೇ: ಅವರಿಗಿಂತ ಮೊದಲು ಬಂದ ನಾಲ್ಕು ಮಂದಿಗೆ ಎಷ್ಟು ಜೋಡಿ ಹಾಕಿದ್ದಿರಿ? ಹೆಚ್ಚಿನವರು ನಕ್ಕು ಸುಮ್ಮನಾಗುತ್ತಾರೆ. ಒಂದೂ ಇಲ್ಲ. ಗ್ಲೌಸ್ ಸ್ಟಾಕ್ ಕಡಿಮೆ ಇತ್ತು, ಮುಖ ನೋಡಿದರೆ ಒಳ್ಳೆಯವರ ಹಾಗೆ ಕಂಡರು.

ನಮ್ಮ ಭಯ ತಪ್ಪು ಜಾಗದಲ್ಲಿ ಕೂತಿದೆ ಎಂದು ನಾನು ಹೇಳುವುದು ಇದಕ್ಕೇ. ರಿಪೋರ್ಟ್ ಕೈಯಲ್ಲಿ ಹಿಡಿದು ಬಂದ ಮನುಷ್ಯನಿಂದ ನಿಮಗೆ ಅಪಾಯ ಕಡಿಮೆ, ಯಾಕೆಂದರೆ ಅವನೆದುರು ನೀವು ಎಚ್ಚರ ಇರುತ್ತೀರಿ. ತನಗೇ ಗೊತ್ತಿಲ್ಲದೆ ವೈರಸ್ ಹೊತ್ತು ಬಿಪಿ ಗುಳಿಗೆಗೆಂದು ಬಂದು, ಸಕ್ಕರೆ ಪರೀಕ್ಷೆಗೆ ಬೆರಳು ಚಾಚಿ ಕೂತವರ ಎದುರು ಎಚ್ಚರ ತಪ್ಪುತ್ತದೆ. ಇಡೀ ಭಾರತದಲ್ಲಿ ಸುಮಾರು 55 ಲಕ್ಷ ಮಂದಿಗೆ ಹೆಪಟೈಟಿಸ್ ಸಿ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಲೆಕ್ಕ ಹೇಳುತ್ತದೆ. ಹೆಚ್ಚಿನವರಿಗೆ ತಮಗಿದೆ ಎಂಬುದೇ ಗೊತ್ತಿಲ್ಲ. ಆದ್ದರಿಂದ ನಿಯಮ ಒಂದೇ, ಎಲ್ಲರಿಗೂ ಒಂದೇ: ರಕ್ತ ಕೈಗೆ ತಾಗುವ ಕೆಲಸ ಯಾವುದಾದರೂ ಗ್ಲೌಸ್ ಬೇಕು, ಒಬ್ಬರಿಗೆ ಒಂದು ಜೋಡಿ, ತೆಗೆದ ಮೇಲೆ ಕೈ ತೊಳೆಯಬೇಕು. ಬಿಪಿ ನೋಡಲು, ನಾಡಿ ಹಿಡಿಯಲು, ಮಾತಾಡಿಸಲು ಗ್ಲೌಸ್ ಬೇಡ, ಪಾಸಿಟಿವ್ ಇದ್ದವರಿಗೂ ಬೇಡ. ಭುಜ ಮುಟ್ಟುವಾಗ ರಬ್ಬರ್ ಕೈ ಹಾಕಿಕೊಂಡರೆ ಆ ಮನುಷ್ಯನಿಗೆ ಏನನಿಸುತ್ತದೆ ಎಂದು ಒಮ್ಮೆ ಯೋಚಿಸಿ. ಅವನು ಮುಂದಿನ ಸಲ ಬರುವುದಿಲ್ಲ.

ಮನಿ ಭೇಟಿಗೆ ಹೋದಾಗ ಚಹಾ ಕೊಡ್ತಾರ. ಕುಡೀಬೇಕೇನು, ಹ್ಯಾಂಗರ ತಪ್ಪಿಸ್ಕೋಬೇಕೇನು?

ಕುಡಿಯಿರಿ. ರೊಟ್ಟಿ, ಪಲ್ಯ ಕೊಟ್ಟರೆ ತಿನ್ನಿರಿ. ಶೇಂಗಾ ಚಟ್ನಿ ಇದ್ದರೆ ಇನ್ನೂ ಒಂದು ರೊಟ್ಟಿ ಕೇಳಿ. ಒಂದೇ ತಾಟಿನಲ್ಲಿ ಉಣ್ಣುವುದು, ಒಂದೇ ಲೋಟದಲ್ಲಿ ಕುಡಿಯುವುದು, ಅಪ್ಪಿಕೊಳ್ಳುವುದು, ಕೆಮ್ಮು, ಸೀನು, ಸೊಳ್ಳೆ ಯಾವುದರಿಂದಲೂ ಸಿ ಹರಡುವುದಿಲ್ಲ. ಹರಡಬೇಕಾದರೆ ಒಬ್ಬರ ರಕ್ತ ಇನ್ನೊಬ್ಬರ ರಕ್ತಕ್ಕೆ ಸೇರಬೇಕು.

ಮನೆಯವರಿಗೆ ಹೇಳಬೇಕಾದದ್ದು ಬೇರೆ ಇದೆ: ದಾಡಿ ಬ್ಲೇಡು, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ, ಸಕ್ಕರೆ ಪರೀಕ್ಷೆಯ ಚುಚ್ಚುಮುಳ್ಳು ಇವನ್ನು ಹಂಚಿಕೊಳ್ಳಬಾರದು. ಗಂಡ ಹೆಂಡತಿ ನಡುವೆ ಹರಡುವುದು ಅಪರೂಪ, ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. ಒಮ್ಮೆ ಒಂದು ಮನೆಯಲ್ಲಿ ಸೊಸೆಯ ತಾಟು, ಲೋಟ, ಹಾಸಿಗೆ ಎಲ್ಲ ದನದ ಕೊಟ್ಟಿಗೆ ಕಡೆ ಇಟ್ಟಿದ್ದರು. ಯಾರು ಹೇಳಿದರೆಂದು ಕೇಳಿದೆ. "ನಿಮ್ಮ ಸಿಸ್ಟರ ಹೇಳ್ಯಾರ್ರಿ" ಅಂದರು. ಆ ಸಿಸ್ಟರಿಗೆ ನಾನೇ ಪಾಠ ಮಾಡಿದ್ದೆ.

ನಮ್ಮ ಊರಾಗ ಡ್ರಗ್ಸ್ ಗಿಗ್ಸ್ ಏನೂ ಇಲ್ರಿ. ಮತ್ತ ಯಾರಿಗೆ ಬರ್ತೈತಿ?

ಸೂಜಿ ಹಂಚಿಕೊಂಡು ಅಮಲು ಚುಚ್ಚಿಕೊಳ್ಳುವವರಲ್ಲಿ ಈ ರೋಗ ಹೆಚ್ಚು ಎಂಬುದು ನಿಜ. ಅದೊಂದನ್ನೇ ಓದಿಕೊಂಡರೆ ನಮ್ಮೂರಿನ ರೋಗಿ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ರಕ್ತದಾನದ ರಕ್ತವನ್ನು ಸಿ ಗಾಗಿ ಪರೀಕ್ಷಿಸುವುದು ನಮ್ಮ ದೇಶದಲ್ಲಿ ಕಡ್ಡಾಯವಾದದ್ದು 2000ದ ದಶಕದ ಆರಂಭದಲ್ಲಿ. ಅದಕ್ಕೂ ಮೊದಲು ಹೆರಿಗೆಯಲ್ಲಿ ರಕ್ತ ಹೋಗಿ ಎರಡು ಬಾಟಲಿ ಏರಿಸಿಕೊಂಡ ತಾಯಂದಿರಲ್ಲಿ ಬಹಳ ಮಂದಿ ಈಗ ಐವತ್ತರ ಆಚೀಚೆ ಇದ್ದಾರೆ. ಡಯಾಲಿಸಿಸ್‌ಗೆ ವಾರಕ್ಕೆ ಎರಡು ಮೂರು ಸಲ ತಾಲೂಕಾ ಆಸ್ಪತ್ರೆಗೆ ಹೋಗುವವರು, ಪದೇ ಪದೇ ರಕ್ತ ಏರಿಸಬೇಕಾದ ಥಲಸ್ಸೇಮಿಯಾ ಮಕ್ಕಳು, ಒಂದೇ ಸೂಜಿಯಿಂದ ಸಾಲಾಗಿ ಹತ್ತು ಮಂದಿಗೆ ಹಚ್ಚೆ ಹಾಕುವವರ ಹತ್ತಿರ ಜಾತ್ರೆಯಲ್ಲಿ ಕೈ ಚಾಚಿದವರು, ಎಚ್‌ಐವಿ ಜೊತೆ ಬದುಕುತ್ತಿರುವವರು. ಇವರೆಲ್ಲರಿಗೂ ಒಮ್ಮೆ ಪರೀಕ್ಷೆ ಮಾಡಿಸಿ.

ಮತ್ತೆ, "ಹೆಂಗ ಬಂತು?" ಎಂದು ಕೇಳುವ ಧಾಟಿಯಲ್ಲೇ ನಮ್ಮ ತೀರ್ಪು ಇರುತ್ತದೆ. ಅಮಲಿನ ಸೂಜಿಯಿಂದ ಬಂದವನಿಗೂ ಹೆರಿಗೆಯ ರಕ್ತದಿಂದ ಬಂದವಳಿಗೂ ಗುಳಿಗೆ ಒಂದೇ, ಡೋಸ್ ಒಂದೇ. ಮಾಡಿಕೊಂಡದ್ದನ್ನು ಉಣ್ಣಲಿ ಎನ್ನುವವರು ನಮ್ಮ ನಡುವೆಯೇ ಇದ್ದಾರೆ. ಹಾಗಂದ ಒಬ್ಬಾಕೆಗೆ ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದು ಚೆನ್ನಾಗಿರುವುದಿಲ್ಲ.

ಜನಾನ "ಸೂಜಿ ಮಾಡ್ರಿ" ಅಂತ ಹಟಾ ಹಿಡೀತಾರ. ನಾವೇನ್ ಮಾಡೋಣ್ರಿ?

ಇದು ನಮ್ಮ ಕಡೆಯ ಜಿಲ್ಲೆಗಳ ಹಳೆಯ ಚಾಳಿ. ಗುಳಿಗೆ ಕೊಟ್ಟ ಡಾಕ್ಟರು ಡಾಕ್ಟರೇ ಅಲ್ಲ, ಸಲಾಯಿನ್ ಹಚ್ಚದಿದ್ದರೆ ಸುಸ್ತು ಹೋಗುವುದಿಲ್ಲ. ಸರಕಾರಿ ಕೇಂದ್ರದಲ್ಲಿ ಬೇಡ ಎಂದರೆ ಬಸ್ ಸ್ಟ್ಯಾಂಡ್ ಹತ್ತಿರದ ಇನ್ನೊಬ್ಬರು ಐವತ್ತು ನೂರು ರೂಪಾಯಿಗೆ ಚುಚ್ಚಿ ಕಳಿಸುತ್ತಾರೆ, ಅಲ್ಲಿ ಸಿರಿಂಜ್ ಹೊಸದೋ ಹಳೆಯದೋ ಕೇಳುವವರಿಲ್ಲ.

ಈಜಿಪ್ಟ್ ದೇಶದ ಕಥೆ ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ. ಅಲ್ಲಿ ನೈಲ್ ನದಿಯ ಕಾಲುವೆಗಳಲ್ಲಿ ಕೆಲಸ ಮಾಡುವವರಿಗೆ ಬಸವನಹುಳುವಿನ ಮೂಲಕ ಹರಡುವ ಒಂದು ಹುಳುವಿನ ರೋಗ ಇತ್ತು. ಅದನ್ನು ಓಡಿಸಲು 1950ರ ದಶಕದಿಂದ 1980ರ ದಶಕದವರೆಗೆ ಸರಕಾರವೇ ಊರೂರಿಗೆ ಹೋಗಿ ಇಂಜೆಕ್ಷನ್ ಹಾಕಿತು. ಗಾಜಿನ ಸಿರಿಂಜ್, ಅರೆಬರೆ ಕುದಿಸುವುದು, ಸಾಲಿನಲ್ಲಿ ಮುಂದಿನವರು. ಹುಳು ಕಡಿಮೆಯಾಯಿತು, ಹೆಪಟೈಟಿಸ್ ಸಿ ಮನೆಮನೆಗೆ ಬಂತು. ಪ್ರಪಂಚದಲ್ಲೇ ಅತಿ ಹೆಚ್ಚು ಸಿ ಇರುವ ದೇಶ ಎಂಬ ಹೆಸರು ಅದಕ್ಕೆ ಬಿತ್ತು. ಅಲ್ಲಿ ಸೂಜಿ ಹಿಡಿದವರು ಕೆಟ್ಟವರಲ್ಲ, ನಮ್ಮಂಥವರೇ, ಟಾರ್ಗೆಟ್ ಮುಗಿಸುವ ಗಡಿಬಿಡಿಯಲ್ಲಿದ್ದವರು. ಮುಂದೆ 2018ರಿಂದ ಅದೇ ದೇಶ ಕೋಟ್ಯಂತರ ಜನರನ್ನು ಪರೀಕ್ಷಿಸಿ, ಸಿಕ್ಕವರಿಗೆ ಗುಳಿಗೆ ಕೊಟ್ಟು, ರೋಗವನ್ನು ಬಹುಪಾಲು ಇಳಿಸಿತು.

ನಮ್ಮ ಹಿರಿಯ ಸಿಸ್ಟರುಗಳೂ ಸೀಮೆಎಣ್ಣೆ ಸ್ಟೌ ಮೇಲೆ ಸಿರಿಂಜ್ ಕುದಿಸಿದವರೇ. ಲಸಿಕೆಗೆ ಒಮ್ಮೆ ಬಳಸಿದರೆ ತಾನೇ ಲಾಕ್ ಆಗುವ ಸಿರಿಂಜ್ ಬಂದದ್ದು 2005ರ ಸುಮಾರಿಗೆ. ಹಟ ಹಿಡಿದವರಿಗೆ ನಾನು ಹೇಳುವ ಮಾತು: "ಕಾಕಾ, ಗುಳಿಗಿ ಹೊಟ್ಟಿಗೆ ಹೋಗಿ ರಕ್ತಕ್ಕ ಹೋಗ್ತೈತಿ, ಸೂಜಿ ನಡುವಿನ ಬಾಗಿಲಾ ಮುರದು ಒಳಗ ಹೋಗ್ತೈತಿ. ಬಾಗಿಲಾ ಮುರದ್ರ ಕಳ್ಳನೂ ಬರ್ತಾನ." ಎಲ್ಲರೂ ಒಪ್ಪುವುದಿಲ್ಲ. ಕೆಲವರು ಬಸ್ ಸ್ಟ್ಯಾಂಡ್ ಕಡೆ ನಡೆಯುತ್ತಾರೆ.

ಕೈಗೆ ಸೂಜಿ ಚುಚ್ಚಿದ್ರ ಏನ್ ಮಾಡ್ಬೇಕ್ರಿ?

ಮೊದಲು ನಾನು ಏನು ಮಾಡಿದೆ ಎಂದು ಹೇಳುತ್ತೇನೆ, ಅದನ್ನು ಬಿಟ್ಟು ಬೇರೆ ಮಾಡಿ. ಕೆಲಸಕ್ಕೆ ಸೇರಿದ ಹೊಸತು, ರಾತ್ರಿ ಎರಡು ಗಂಟೆಯ ಹೆರಿಗೆ. ಇಂಜೆಕ್ಷನ್ ಕೊಟ್ಟು ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋದೆ, ಎಡಗೈ ತೋರುಬೆರಳಿಗೆ ಹೊಕ್ಕಿತು. ಬೆರಳನ್ನು ಹಿಂಡಿ ಹಿಂಡಿ ರಕ್ತ ತೆಗೆದೆ, ಸ್ಪಿರಿಟ್ ಸುರಿದೆ, ಯಾರಿಗೂ ಹೇಳಲಿಲ್ಲ. ಹೇಳಿದರೆ ಬೈಯುತ್ತಾರೆ ಎಂಬ ಹೆದರಿಕೆ. ಆರು ತಿಂಗಳು ನಿದ್ದೆ ಇಲ್ಲ. ಏನೂ ಆಗಲಿಲ್ಲ, ಅದು ನನ್ನ ದೈವ.

ಹಿಂಡಬೇಡಿ, ಸ್ಪಿರಿಟ್, ಬ್ಲೀಚಿಂಗ್ ಹಾಕಬೇಡಿ. ಹರಿಯುವ ನೀರು, ಸಾಬೂನು ಸಾಕು. ಕಣ್ಣಿಗೆ ರಕ್ತ ಸಿಡಿದರೆ ಬರೀ ನೀರು. ತಕ್ಷಣ ವೈದ್ಯಾಧಿಕಾರಿಗೆ ಹೇಳಿ, ರಿಜಿಸ್ಟರಿನಲ್ಲಿ ಬರೆಸಿ. ರೋಗಿಯ ರಕ್ತವನ್ನು ಅವರ ಒಪ್ಪಿಗೆ ಪಡೆದು ಬಿ, ಸಿ, ಎಚ್‌ಐವಿ ಮೂರಕ್ಕೂ ಪರೀಕ್ಷೆ ಮಾಡಿಸಬೇಕು, ನಿಮ್ಮದನ್ನೂ ಅಂದೇ ಅಥವಾ ಮಾರನೇ ದಿನ. ಎಚ್‌ಐವಿ ತಡೆಯುವ ಗುಳಿಗೆ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು. ಬಿ ಗೆ ಲಸಿಕೆ ಇದೆ, ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಇದೆ. ಸಿ ಗೆ ಹಾಗೆ ಮುಂಗಡವಾಗಿ ಕೊಡುವ ಔಷಧ ಇಲ್ಲ. 3ರಿಂದ 6 ವಾರಕ್ಕೆ ಆರ್‌ಎನ್‌ಎ ಪರೀಕ್ಷೆ (ರಕ್ತದಲ್ಲಿ ವೈರಸ್ಸೇ ಇದೆಯೋ ಎಂದು ನೋಡುವುದು), 4ರಿಂದ 6 ತಿಂಗಳಿಗೆ ಪ್ರತಿಕಾಯ ಪರೀಕ್ಷೆ ಮಾಡಿಸಿ, ಬಂದಿದ್ದರೆ ಚಿಕಿತ್ಸೆ.

ಅಪಾಯ ಎಷ್ಟು? ಲಸಿಕೆ ಇಲ್ಲದವರಿಗೆ ಬಿ ತಗುಲುವ ಸಂಭವ ನೂರಕ್ಕೆ 30ರವರೆಗೆ ಹೋಗುತ್ತದೆ. ಸಿ ಹಳೆಯ ಲೆಕ್ಕದಲ್ಲಿ ನೂರಕ್ಕೆ 1.8, ಈಚಿನ ಲೆಕ್ಕದಲ್ಲಿ 0.2. ಎಚ್‌ಐವಿ 0.3. ನಾವು ಹೆದರುವ ಕ್ರಮ ಇದಕ್ಕೆ ಪೂರ್ತಿ ಉಲ್ಟಾ. ಚುಚ್ಚದ ಹಾಗೆ ನೋಡಿಕೊಳ್ಳುವುದು ಸುಲಭ: ಕ್ಯಾಪ್ ವಾಪಸ್ ಹಾಕಬೇಡಿ, ಸೂಜಿ ಕತ್ತರಿಸುವ ಹಬ್ ಕಟ್ಟರ್ ಕೈಗೆ ಎಟಕುವಷ್ಟು ಹತ್ತಿರ ಇರಲಿ, ಸೂಜಿ ಬಿಳಿ ಡಬ್ಬಿಗೆ, ಸಿರಿಂಜಿನ ಪ್ಲಾಸ್ಟಿಕ್ ಕೆಂಪು ಚೀಲಕ್ಕೆ. ಹಬ್ ಕಟ್ಟರ್ ಹಾಳಾಗಿ ಬೀರುವಿನ ಮೇಲೆ ಕೂತಿದ್ದರೆ ಇಂಡೆಂಟ್ ಹಾಕಿ, ಸಿಗುವವರೆಗೂ ಬೆನ್ನು ಹತ್ತಿ.

ಒಣಗಿದ ರಕ್ತದಾಗ ವೈರಸ್ ಇರಂಗಿಲ್ಲಲ್ರಿ?

ಇರಬಹುದು. ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಆರು ವಾರದವರೆಗೂ ಬದುಕಿದ್ದು ಕಂಡುಬಂದಿದೆ. ಟೇಬಲ್ ಮೇಲಿನ ಕಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಬಿಡಬೇಡಿ. ಗ್ಲೌಸ್ ಹಾಕಿ, ಶೇಕಡಾ 1ರ ಹೈಪೋಕ್ಲೋರೈಟ್ ದ್ರಾವಣ ಬಳಸಿ, ಅದನ್ನು ದಿನಾ ಹೊಸದಾಗಿ ಕಲಸಿಕೊಳ್ಳಿ.

ಕಿಟ್‌ನಾಗ ಎರಡು ಗೆರಿ ಬಂದ್ವು. ರೋಗ ಐತಿ ಅಂತ ಹೇಳಿಬಿಡ್ಲ್ಯಾ?

ಹೇಳಬೇಡಿ. ಕಿಟ್ ನೋಡುವುದು ಪ್ರತಿಕಾಯವನ್ನು, ಅಂದರೆ ವೈರಸ್ ಯಾವಾಗಲೋ ಬಂದುಹೋದ ಗುರುತನ್ನು. ವೈರಸ್ ಈಗಲೂ ಇದೆಯೋ ಇಲ್ಲವೋ ಎಂಬುದು ಆರ್‌ಎನ್‌ಎ ಪರೀಕ್ಷೆಯಿಂದ ಗೊತ್ತಾಗುತ್ತದೆ. "ಹಿಂದ ಯಾವಾಗರ ಸೋಂಕು ತಾಗಿರಬಹುದು, ಈಗ ಐತೋ ಇಲ್ಲೋ ಇನ್ನೊಂದು ಪರೀಕ್ಷಾ ಮಾಡಿ ನೋಡೂಣು, ಇದ್ರೂ ಗುಣ ಆಗ್ತೈತಿ" ಎಂಬಷ್ಟು ಹೇಳಿ, ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಡಿ. ಚೀಟಿ ಕೊಟ್ಟು ಕೈತೊಳೆದುಕೊಂಡರೆ ಅರ್ಧ ಜನ ಹೋಗುವುದೇ ಇಲ್ಲ. ಒಂದು ವಾರ ಬಿಟ್ಟು ಫೋನ್ ಮಾಡಿ.

ಇಷ್ಟ ದುಬಾರಿ ಔಷಧ, ನಮ್ಮ ಜನಕ್ಕ ಹ್ಯಾಂಗ ಆಗ್ತೈತ್ರಿ?

ಪುಕ್ಕಟೆ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರ ಜುಲೈ 28ರಂದು ಶುರುವಾಯಿತು. ಪರೀಕ್ಷೆ, ಔಷಧ ಎರಡಕ್ಕೂ ದುಡ್ಡಿಲ್ಲ. ಹಿಂದೆ ಇಂಟರ್‌ಫೆರಾನ್ ಎಂಬ ಸೂಜಿಯನ್ನು ಆರು ತಿಂಗಳಿಂದ ಒಂದು ವರ್ಷದವರೆಗೆ ಕೊಡುತ್ತಿದ್ದರು. ಜ್ವರ, ಮಂಕು, ಕೂದಲು ಉದುರುವುದು, ಆಮೇಲೂ ಎಷ್ಟೋ ಮಂದಿಗೆ ಗುಣವಾಗುತ್ತಿರಲಿಲ್ಲ. "ಸಿ ಗೆ ಔಷಧ ಇಲ್ಲ" ಎಂದು ಹಳಬರು ಹೇಳುವುದು ಆ ಕಾಲದ ನೆನಪಿನಿಂದ. ಈಗ ಸಿರೋಸಿಸ್ ಇಲ್ಲದವರಿಗೆ ಸೊಫೊಸ್ಬುವಿರ್ 400 ಮಿಲಿಗ್ರಾಂ, ಡಕ್ಲಾಟಾಸ್ವಿರ್ 60 ಮಿಲಿಗ್ರಾಂ, ದಿನಕ್ಕೊಮ್ಮೆ, 12 ವಾರ. ಅಂದರೆ 84 ದಿನ. ಸಿರೋಸಿಸ್ ಇದ್ದರೆ ಸೊಫೊಸ್ಬುವಿರ್ ಜೊತೆ ವೆಲ್ಪಟಾಸ್ವಿರ್, ಕೆಲವರಿಗೆ ರಿಬಾವಿರಿನ್ ಸೇರಿಸಿ. ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಬಿಪಿ, ಸಕ್ಕರೆಗೆ ಜೀವಮಾನವಿಡೀ ಗುಳಿಗೆ ನುಂಗಿಸುವ ನಮಗೆ, 84 ದಿನದಲ್ಲಿ ಬಿಟ್ಟುಹೋಗುವ ರೋಗ ಇನ್ನೆಷ್ಟು ಸಿಗುತ್ತವೆ?

ನಿಮ್ಮ ಕೆಲಸ ಆ 84 ದಿನದಲ್ಲಿದೆ. ರೋಗಿ ಏನೇನು ಬೇರೆ ಗುಳಿಗೆ ತಗೊಳ್ಳುತ್ತಾರೆ ಎಂದು ಡಬ್ಬಿ ತೆರೆಸಿ ನೋಡಿ. ಟಿಬಿಯ ರಿಫಾಂಪಿಸಿನ್, ಮೂರ್ಛೆ ರೋಗದ ಫೆನಿಟಾಯಿನ್, ಕಾರ್ಬಮಾಝೆಪೈನ್ ಜೊತೆ ಸೊಫೊಸ್ಬುವಿರ್ ಕೆಲಸ ಮಾಡುವುದಿಲ್ಲ. ಹೃದಯಕ್ಕೆಂದು ಅಮಿಯೊಡರೋನ್ ತಗೊಳ್ಳುವವರಿಗೆ ನಾಡಿ ಅಪಾಯಕಾರಿಯಾಗಿ ನಿಧಾನವಾಗಬಹುದು. ಶುರು ಮಾಡುವ ಮೊದಲು ಬಿ ಪರೀಕ್ಷೆ ಆಗಿರಬೇಕು, ಇಲ್ಲದಿದ್ದರೆ ಸಿ ಇಳಿಯುವಾಗ ಸುಮ್ಮನಿದ್ದ ಬಿ ತಲೆ ಎತ್ತಬಹುದು. ಸಕ್ಕರೆ ಇರುವವರಿಗೆ ಸಕ್ಕರೆ ಕೆಳಗಿಳಿಯುವುದೂ ಉಂಟು.

ಇನ್ನೊಂದು ನಮ್ಮ ಕಡೆಯದೇ ತೊಂದರೆ. ಮುಧೋಳ, ಜಮಖಂಡಿ, ಅಥಣಿ ಕಡೆ ಕಬ್ಬಿನ ಹಂಗಾಮು ಶುರುವಾದರೆ ಕಡಿಯುವ ಗ್ಯಾಂಗು ಇಂದು ಒಂದು ಹೊಲ, ನಾಳೆ ಇನ್ನೊಂದು. ಇಂಡಿ, ಸಿಂದಗಿ ತಾಂಡಾದವರು ಗೋವಾ, ಮಹಾರಾಷ್ಟ್ರಕ್ಕೆ ಹೋಗಿಬಿಡುತ್ತಾರೆ. ಗುಳಿಗೆ ಶುರು ಮಾಡುವ ಮೊದಲೇ "ಎಂದ ಹೊಂಟೀರಿ, ಎಂದ ಬರ್ತೀರಿ?" ಕೇಳಿ, ಆಸ್ಪತ್ರೆಯವರಿಗೆ ತಿಳಿಸಿ. ಬಾಳೆಹಣ್ಣು ತಿಂದ ಮೇಲೆಯೋ, ಚಹಾ ಆದ ಮೇಲೆಯೋ, ಒಂದೇ ಹೊತ್ತಿಗೆ ನುಂಗುವ ರೂಢಿ ಮಾಡಿಸಿ. ಸೆರೆ ಕುಡಿಯುವವರಿಗೆ ಬಿಡಿ ಎನ್ನಿ. ಬಿಡಲಿಲ್ಲವೆಂದು ಗುಳಿಗೆ ತಪ್ಪಿಸಬೇಡಿ.

ಬಸುರಿಗೆ ಇದ್ರ? ಕೂಸಿಗೆ ಹಾಲು?

ತಾಯಿಯಿಂದ ಕೂಸಿಗೆ ಹೋಗುವುದು ನೂರಕ್ಕೆ ಐದಾರು. ಸಿ ಇದೆಯೆಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಎದೆಹಾಲು ಕೊಡಬಹುದು, ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದರೆ ವಾಸಿಯಾಗುವವರೆಗೆ ನಿಲ್ಲಿಸಿ. ಗುಳಿಗೆ ಹೆರಿಗೆ, ಹಾಲೂಡಿಕೆ ಮುಗಿದ ಮೇಲೆ, ರಿಬಾವಿರಿನ್ ಅಂತೂ ಬಸುರಿಗೆ ಕೂಡದು. ಕೂಸಿಗೆ ಪ್ರತಿಕಾಯ ಪರೀಕ್ಷೆ 18 ತಿಂಗಳಾದ ಮೇಲೆ. ಅದಕ್ಕೂ ಮೊದಲು ಬಂದ ಎರಡು ಗೆರೆ ತಾಯಿಯದ್ದಿರಬಹುದು.

ತಾಯಿ ಕಾರ್ಡ್ ಮ್ಯಾಲ ಕೆಂಪು ಪೆನ್ನಿನಿಂದ ಬರೀಲ್ಯಾ, ಎಲ್ಲಾರಿಗೂ ಗೊತ್ತಾಗ್ಲಿ ಅಂತ?

ಎಲ್ಲರಿಗೂ ಯಾಕೆ ಗೊತ್ತಾಗಬೇಕು? ಚಿಕಿತ್ಸೆ ಕೊಡುವವರಿಗೆ ಗೊತ್ತಿದ್ದರೆ ಸಾಕು, ಒಳಗಿನ ಪುಟದಲ್ಲಿ ನೀಲಿ ಅಕ್ಷರದಲ್ಲಿ ಇರಲಿ. ಕಾರ್ಡಿನ ಮುಖಪುಟವನ್ನು ಅತ್ತೆ ನೋಡುತ್ತಾಳೆ, ಅಂಗನವಾಡಿಯಲ್ಲಿ ನೋಡುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರೂ ನೋಡುತ್ತಾರೆ. ಆಶಾ ಅಕ್ಕನವರಿಗೂ ಹೇಳುವ ಮೊದಲು ರೋಗಿಯನ್ನು ಕೇಳಿ. ಬಾವಿಕಟ್ಟೆಯ ಮೇಲೆ ಒಂದು ಮಾತು ಬಿದ್ದರೆ ಆ ಮನೆಯ ಹುಡುಗಿಗೆ ವರ ಬರುವುದಿಲ್ಲ, ಅಷ್ಟು ಸೂಕ್ಷ್ಮ ನಮ್ಮ ಊರು.

ನಮ್ಮ ಪೈಕಿ ಒಬ್ಬ ಸಿಸ್ಟರಿಗೇ ಬಂದ್ರ ನೌಕರಿ ಹೋಗ್ತೈತೇನ್ರಿ?

ಲಸಿಕೆ ಹಾಕುವುದು, ಮನೆ ಭೇಟಿ, ಗುಳಿಗೆ ಕೊಡುವುದಕ್ಕೆ ಸಿ ಅಡ್ಡಿಯಲ್ಲ. ಚಿಕಿತ್ಸೆ ತಗೊಂಡು ಗುಣವಾದ ಮೇಲಂತೂ ಪ್ರಶ್ನೆಯೇ ಇಲ್ಲ. ಹೆದರಿ ಮುಚ್ಚಿಡುವವರು ನಮ್ಮಲ್ಲೇ ಹೆಚ್ಚು, ಅದಕ್ಕೇ ಇದನ್ನು ಸೇರಿಸಿದೆ.

ಗುಣ ಆಗೇತಿ ಅಂದ್ರು. ಕ್ಯಾಂಪಿನಾಗ ಮತ್ತ ಕಿಟ್ ಹಚ್ಚಿದ್ರ ಪಾಸಿಟಿವ್ ಬಂತು!

ಬರಲೇಬೇಕು. ಪ್ರತಿಕಾಯ ಗುಣವಾದ ಮೇಲೂ ವರ್ಷಾನುಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಗುಣವಾಯಿತೆಂದು ಹೇಳುವುದು ಗುಳಿಗೆ ಮುಗಿದ 12 ವಾರಕ್ಕೆ ಮಾಡಿದ ಆರ್‌ಎನ್‌ಎ ಪರೀಕ್ಷೆಯಲ್ಲಿ ವೈರಸ್ ಸಿಗದಿದ್ದಾಗ. ಹಾಗೆ ಗುಣವಾದವರಿಗೆ ಮತ್ತೆ ಹೊಸ ಸೋಂಕು ತಗುಲಬಹುದು, ಒಮ್ಮೆ ಬಂದದ್ದು ರಕ್ಷಣೆ ಕೊಡುವುದಿಲ್ಲ. ಅನುಮಾನ ಬಂದರೆ ಅವರಿಗೆ ಕಿಟ್ ಬೇಡ, ನೇರ ಆರ್‌ಎನ್‌ಎ ಪರೀಕ್ಷೆ. ಆ ಕೊನೆಯ ರಿಪೋರ್ಟಿನ ಎರಡು ಝೆರಾಕ್ಸ್ ಮಾಡಿಸಿ, ಒಂದನ್ನು ಅವರ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಇಡಿಸಿ, ಇನ್ನೊಂದು ನಿಮ್ಮ ಫೈಲಿನಲ್ಲಿರಲಿ. ಮುಂದಿನ ಕ್ಯಾಂಪಿಗೆ ಬೇರೆ ಸಿಸ್ಟರ್ ಬಂದಿರುತ್ತಾರೆ.